ಇಪ್ಪತ್ತೇಳು ಹಲ್ಲು

ನಾನು ಮೂರು ಸಲ ಎಣಿಸಿದೆ. ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಉಗುರು ಜಾರಿಸುತ್ತ ಶಾಫ್ಟಿನ ಸುತ್ತ ಬಂದೆ. ಮೂರು ಸಲವೂ ಇಪ್ಪತ್ತೇಳು.

ಗೇರ್‌ಬಾಕ್ಸು ನಮ್ಮ ಗಿರಾಕಿ ಆನಂದತೀರ್ಥ ಅವರದು. ಬೆಟ್ಟದಾಚೆಯ ಪ್ಲೆಸೆಂಟನ್ನಿನಿಂದ ತಮ್ಮ ದೊಡ್ಡ ಗಾಡಿಯ ಹಿಂದೆ ಕಂಬಳಿ ಹಾಸಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿಕೊಂಡು ತಂದಿದ್ದರು. ನಾಲ್ಕು ಗೇರಿನದು, ಆನ್‌ಲೈನಿನಲ್ಲಿ ಯಾರೋ ಮಾರಿದ್ದು. ಮೈಗೆಲ್ಲ ಹೊಸ ಬೆಳ್ಳಿ ಬಣ್ಣ. ಬಣ್ಣ ಬಳಿದ ಗೇರ್‌ಬಾಕ್ಸು ಕಂಡರೆ ನನಗೆ ಮೊದಲೇ ಸಿಟ್ಟು. ಕೆಳಗೆ ಮುಚ್ಚುವಂಥದ್ದು ಏನೋ ಇದೆ ಅಂತಲೇ ಬಳಿಯುವುದು.

ಅವರ ಕಾರು ನಮ್ಮ ಲಿಫ್ಟಿನ ಮೇಲಿತ್ತು. 1970ರ ಶೆವೆಲ್, ಕಡುನೀಲಿ, ಮುಂದೆ ಲಾರಿಗೆ ಸಾಲುವಷ್ಟು ದೊಡ್ಡ ಎಂಜಿನ್ನು. ಅದರ ಮೂರು ಗೇರಿನ ಆಟೋಮ್ಯಾಟಿಕ್ ಬಾಕ್ಸಿನ ಕವಚವೇ ಬಿರುಕು ಬಿಟ್ಟು, ಎಣ್ಣೆಯೆಲ್ಲ ಸೋರಿ, ಒಳಗಿನದು ಸುಟ್ಟುಹೋಗಿತ್ತು. ಬೇರೆ ಬಾಕ್ಸು ಹಾಕಲೇಬೇಕು. ಯಾವುದು ಎನ್ನುವುದೇ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ನನಗೆ ಸಿಗಬೇಕಾದ ಅಂಗಡಿ ಶಟರಿನ ಕೀಲಿ ತಗಲಿಕೊಂಡಿತ್ತು.

ಕೀಲಿಯ ಮಾತು ಇಷ್ಟು. ಉಸ್ತಾದ್ ಇನಾಯತುಲ್ಲಾ ಹುಬ್ಬಳ್ಳಿಯವರು. ಇಪ್ಪತ್ತಾರು ವರ್ಷದಿಂದ ಹೇವರ್ಡಿನ ಗೋಡೌನು ಸಾಲಿನಲ್ಲಿ ಗೇರ್‌ಬಾಕ್ಸು ಬಿಚ್ಚಿ ಕಟ್ಟುತ್ತಿದ್ದಾರೆ. ಎರಡು ವರ್ಷದ ಹಿಂದೆ ಬಲಗಣ್ಣು ಹೋಯಿತು, ಎಡಗಣ್ಣು ಮಸುಕಾಯಿತು, ಅದರ ಹಿಂದೆ ಡ್ರೈವಿಂಗ್ ಲೈಸೆನ್ಸು ಹೋಯಿತು. ಈಗ ಬಸ್ಸಿನಲ್ಲಿ ಬರುತ್ತಾರೆ. ಕಳೆದ ತಿಂಗಳು ನನ್ನನ್ನು ಶೆವೆಲ್ ಪಕ್ಕಕ್ಕೆ ಕರೆದು ಹೇಳಿದರು, “ಇದನ್ನ ನೀ ಒಬ್ಬನ ಮಾಡು, ಶರಣಾ. ನಾ ಕೈ ಹಚ್ಚಂಗಿಲ್ಲ. ಗಾಡಿ ತಿರುಗಿ ಬರಲಿಲ್ಲಂದ್ರ ಶಟರ್ ಕೀಲಿ ನಿಂದು. ತಿರುಗಿ ಬಂತಂದ್ರ, ಮಗನ, ಎಲ್ಲೆರ ಎಣ್ಣಿ ಬದಲು ಮಾಡೋ ಕೆಲಸ ನೋಡ್ಕೋ.”

ನನಗೆ ಇನ್ಯಾರೂ ಯಾವ ಕೀಲಿಯನ್ನೂ ಕೊಡುವವರಿರಲಿಲ್ಲ. ಹದಿನಾಲ್ಕಕ್ಕೆ ಗದಗಿನಿಂದ ಈ ದೇಶಕ್ಕೆ ಬಂದವನು, ಹದಿನೇಳಕ್ಕೆ ಶಾಲೆ ಬಿಟ್ಟವನು. ಅಪ್ಪ ಮೆನ್ಲೋ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾರೆ, ಯಾರಾದರೂ ಮಗ ಏನು ಮಾಡ್ತಾನೆ ಅಂದರೆ “ಆಟೊಮೋಟಿವ್ ಸೈಡು” ಅನ್ನುತ್ತಾರೆ. ನಾನು ಆ ಸೈಡಿನಲ್ಲಿ ಆರು ವರ್ಷದಿಂದ ಮೊಣಕೈ ತನಕ ಎಣ್ಣೆಯಲ್ಲಿದ್ದೇನೆ.

“ಎಷ್ಟು?” ಎಂದರು ಉಸ್ತಾದರು ತಮ್ಮ ಸ್ಟೂಲಿನಿಂದಲೇ.

“ಇಪ್ಪತ್ತೇಳು.”

ಆನಂದತೀರ್ಥ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದರು. “ಮಾರಿದಾಂವ ಮೂವತ್ತು ಅಂತ ಬರದಾನ ನೋಡು. ಎಂಬತ್ತೇಳರ ಮಾಡೆಲ್ ಅದ ಇದು. ಎಂಬತ್ತೇಳರಿಂದ ಈಚಿನವು ಎಲ್ಲಾ ಮೂವತ್ತು. ನಾ ಫೋರಮ್ಮಿನಾಗ ಒಂದು ವಾರ ಕೂತು ಓದೀನಿ.”

“ಬರದಾಂವ ಎಣಿಸಿಲ್ಲ ಸರ್. ನಾ ಎಣಿಸೀನಿ.”

ವಿಷಯ ಸಣ್ಣದಲ್ಲ. ಬಾಕ್ಸಿನ ಮೂತಿಯಿಂದ ಹೊರಗೆ ಚಾಚಿದ ಆ ಬೆರಳು ದಪ್ಪದ ಶಾಫ್ಟಿನ ಮೂಲಕವೇ ಎಂಜಿನ್ನಿನ ಅಷ್ಟೂ ಬಲ ಒಳಗೆ ಬರಬೇಕು. ಮೂವತ್ತು ಹಲ್ಲಿನ ಶಾಫ್ಟಾದರೆ, ಒಳಗೆಲ್ಲ ಗಟ್ಟಿ ಮಾಡಿಸಿದ್ದರೆ, ಈ ಎಂಜಿನ್ನನ್ನು ಹೇಗೋ ತಡೆದೀತು. ಇಪ್ಪತ್ತೇಳರದು ಹಳೆಯದು, ಸಣ್ಣ ಎಂಜಿನ್ನಿಗೆ ಮಾಡಿದ್ದು. ಚಕ್ಕಡಿಯ ಕಡಾಣಿಯನ್ನು ಲಾರಿಗೆ ಹಾಕಿದ ಹಾಗೆ. ಅವರ ಮನೆ ದಾರಿಯ ಡಬ್ಲಿನ್ ಏರಿನಲ್ಲಿ, ಸುತ್ತ ಟ್ರಕ್ಕುಗಳು ಓಡುತ್ತಿರುವಾಗ, ಒಂದೇ ಒಂದು ಸಲ ಜೋರಾಗಿ ಕಾಲು ಒತ್ತಿದರೆ ಸಾಕು. ಶಾಫ್ಟು ತಿರುಚಿ ಮುರಿಯುತ್ತದೆ. ಎಂಜಿನ್ನು ಕೂಗುತ್ತಲೇ ಇರುತ್ತದೆ, ಗಾಡಿ ಮಾತ್ರ ಫ್ರೀವೇ ನಡುವೆ ನಿಂತುಬಿಡುತ್ತದೆ.

ಇದನ್ನೆಲ್ಲ ಹೇಳಿದೆ. ಮೂಲೆಯಲ್ಲಿದ್ದ ಬಾಕ್ಸನ್ನೂ ತೋರಿಸಿದೆ. ಅದು ಟರ್ಬೊ 400, ಅವರ ಕಾರಿನ ಮೂಲ ಬಾಕ್ಸಿನದೇ ಜಾತಿ, ಮೂರು ಗೇರು. ಎರಡು ವಾರ ಕೂತು ನಾನೇ ಕಟ್ಟಿದ್ದು. “ಇದನ್ನ ಹಾಕಿದ್ರ ನಿಮ್ಮ ಮೊಮ್ಮಕ್ಕಳ ತನಕ ಬರತೈತಿ.”

“ಮೂರು ಗೇರ್ ಬ್ಯಾಡ ಅಂತ ಎಷ್ಟು ಸಲ ಹೇಳ್ಲಿ? ಫ್ರೀವೇದಾಗ ನಾಕನೇ ಗೇರ್ ಬೇಕು.” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಲ್ಲಪಾ, ನೀ ಎಲ್ಲೀತನಕ ಓದೀ?”

“ಎಣಸ್ಲಿಕ್ಕೆ ಬರೋತನಕ.”

“ಶರಣಾ,” ಎಂದರು ಉಸ್ತಾದರು.

ಅಷ್ಟೇ ಅಂದದ್ದು. ಆದರೆ ಆ ಅಂಗಡಿಯಲ್ಲಿ ಒಂದು ಕಾನೂನಿದೆ. ಗಿರಾಕಿಯ ಮುಂದೆ ಉಸ್ತಾದರದೇ ಕೊನೆಯ ಮಾತು. ಹುಬ್ಬಳ್ಳಿಯ ಗ್ಯಾರೇಜಿನಿಂದ ತಂದ ಕಾನೂನು. ಅಲ್ಲಿ ಎದುರು ಮಾತಾಡಿದವನ ಬೆನ್ನಿಗೆ ಬೋಲ್ಟು ಬಿಚ್ಚುವ ಪಾನಾ ಬೀಳುತ್ತಿತ್ತಂತೆ. ಇಲ್ಲಿ ಪಾನಾ ಬೀಳುವುದಿಲ್ಲ, ಆ ಒಂದು ಕರೆ ಬೀಳುತ್ತದೆ. ನಾನು ಹಿಂದೆ ಸರಿದೆ.

ಉಸ್ತಾದರು ಎದ್ದು ಬಂದು ಬಾಕ್ಸಿನ ಮುಂದೆ ಬಗ್ಗಿದರು. ಕಣ್ಣು ಮುಚ್ಚಿಕೊಂಡರು. ಅವರು ಯಾವಾಗಲೂ ಹಾಗೆಯೇ, ಎರಡೂ ಕಣ್ಣಿದ್ದಾಗಲೂ ಹಾಗೆಯೇ. ಹೆಬ್ಬೆರಳಿನ ಉಗುರು ಒಂದೊಂದೇ ಹಲ್ಲು ದಾಟುತ್ತ ಸುತ್ತು ಹೋಯಿತು. ಟಿಕ್, ಟಿಕ್, ಟಿಕ್. ನಾನೂ ಮನಸ್ಸಿನಲ್ಲಿ ಜೊತೆಗೇ ಎಣಿಸಿದೆ. ಇಪ್ಪತ್ತೇಳಕ್ಕೆ ಉಗುರು ನನ್ನ ಸೀಮೆಸುಣ್ಣದ ಗುರುತಿಗೆ ಬಂದು ನಿಂತಿತು.

“ಮೂವತ್ತು,” ಎಂದರು ಉಸ್ತಾದರು. “ಹಾಕೋಣಂತ ರಾಯರ. ಶುಕ್ರವಾರ ಸಂಜಿಕ ಬರ್ರಿ.”

ಆನಂದತೀರ್ಥ ನನ್ನ ಕಡೆ ತಿರುಗಿ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. “ಹುಡುಗರಿಗೆ ಎಕ್ಸ್‌ಪೀರಿಯನ್ಸ್ ಬರಬೇಕಲ್ರಿ,” ಎಂದು ಉಸ್ತಾದರಿಗೆ ಹೇಳಿ ಹೊರಟರು.

ಅವರ ಗಾಡಿ ಮೂಲೆ ತಿರುಗುವ ತನಕ ಕಾದೆ.

“ನಿಮಗ ಗೊತ್ತೈತಿ ಅದು ಇಪ್ಪತ್ತೇಳು ಅಂತ.”

“ಕುಂಡ್ರು.”

“ಕುಂಡ್ರಂಗಿಲ್ಲ.”

“ಹಂಗಾರ ನಿಂತ ಕೇಳು.” ಥರ್ಮಾಸಿನಿಂದ ಒಂದೇ ಕಪ್ಪಿಗೆ ಚಹಾ ಬಗ್ಗಿಸಿದರು, ನನಗೆ ಬಗ್ಗಿಸಲಿಲ್ಲ. “ನಿಮ್ಮ ಚಾಚಿನ್ನ ಡಯಾಲಿಸಿಸ್‌ಗೆ ಯಾರು ಒಯ್ತಾರ?”

“ಆಸ್ಪತ್ರಿ ವ್ಯಾನ್ ಬರ್ತಿತ್ತಲ್ಲ.” ಚಾಚಿ ಅಂದರೆ ಉಸ್ತಾದರ ಹೆಂಡತಿ, ಖತೀಜಾ.

“ವ್ಯಾನ್ ನಿಂತು ಹದಿನಾಕು ತಿಂಗಳಾತು. ಶನಿವಾರ ನಮ್ಮ ಮಗಳು ಯುಸ್ರಾ ಬರ್ತಾಳ. ಮಂಗಳವಾರ, ಗುರುವಾರ ಪದ್ಮಜಕ್ಕಾರು. ಈ ರಾಯರ ಹೆಂಡ್ತಿ. ಮುಂಜಾನಿ ಐದಕ್ಕ ಬಂದು ನಮ್ಮ ಬಾಗಲದಾಗ ನಿಂತಿರ್ತಾರ. ಖತೀಜಾನ್ನ ಒಯ್ದು, ನಾಕು ತಾಸು ಅಲ್ಲೇ ಗಾಡ್ಯಾಗ ಕುಂತು ತಮ್ಮ ಆಫೀಸ್ ಕೆಲಸ ಮಾಡ್ಕೋತ ಕಾದು, ತಿರುಗಿ ತಂದು ಬಿಡ್ತಾರ. ಒಂದು ದಿನ ತಪ್ಪಿಲ್ಲ. ಅಂಥಾ ಮನಿಯವರು ಒಂದು ಬಾಕ್ಸು ತಂದು, ಇದನ್ನ ಹಾಕ್ರಿ ಅಂದ್ರ, ಬ್ಯಾಡ ಅಂತ ಯಾವ ಬಾಯಿಲೆ ಅನ್ಲಿ?”

“ಮುಲಾಜಿಗೆ ಬಿದ್ದು ಸುಳ್ಳು ಎಣಿಸಿದ್ರಿ.”

“ಬಿದ್ದೆ.”

“ಅದು ಮುರೀತೈತಿ.”

“ಜೋರು ಕಾಲು ಒತ್ತಬ್ಯಾಡ್ರಿ ಅಂತ ನಾ ಹೇಳ್ತೀನಿ.”

“ಆ ಎಂಜಿನ್ ತಗೊಂಡಾಂವ ಕಾಲು ಒತ್ತಲಾರದ ಇರ್ತಾನೇನ್ರಿ? ಮತ್ತ ಗಾಡಿ ತಿರುಗಿ ಬಂದ್ರ ಕೀಲಿ ಮಾತು ಏನು?”

ಉಸ್ತಾದರು ಚಹಾ ಕುಡಿದರು. ಪೂರ್ತಿ ಕುಡಿದು, ಕಪ್ಪಿನ ತಳ ನೋಡಿ ಹೇಳಿದರು, “ಕೆಲಸ ನಿಂದು.”

ಆ ಮಾತಿಗೆ ಕೈಯಲ್ಲಿದ್ದ ಪಾನಾ ಎಸೆದೆ. ಗೋಡೆಗೆ ಬಡಿದು ಬಿತ್ತು. ಅವರು ತಿರುಗಿ ನೋಡಲಿಲ್ಲ.

ಸಿಟ್ಟು ಅವರ ಮೇಲೆ ಅಂತ ಆಗ ಅಂದುಕೊಂಡಿದ್ದೆ. ಹಾಕಿದರೆ ಮುರಿದು ತಿರುಗಿ ಬರುತ್ತದೆ, ಕೀಲಿ ಹೋಗುತ್ತದೆ, ಆ ಮನುಷ್ಯ ಏರಿನ ಮೇಲೆ ಸಾಯಲೂಬಹುದು. ಹಾಕುವುದಿಲ್ಲ ಅಂದರೆ ಗಿರಾಕಿಯ ಮುಂದೆ ಉಸ್ತಾದರ ಮಾತು ಮುರಿದವನು ನಾನು. ಹಾಗಾದರೂ ಕೀಲಿ ಹೋಗುತ್ತದೆ. ಹಳೇ ಬಾಕ್ಸಿನ ಬೋಲ್ಟು ಬಿಚ್ಚುತ್ತ ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ. ಐದನೆಯ ಬೋಲ್ಟಿಗೆ ಬರುವಷ್ಟರಲ್ಲಿ ಬೇರೆಯದೇ ಒಂದು ಚುಚ್ಚತೊಡಗಿತು. ಆರು ವರ್ಷದಿಂದ ನಾನು ಖತೀಜಾ ಚಾಚಿ ಕಳಿಸಿದ ಡಬ್ಬಿಯಲ್ಲಿ ಉಣ್ಣುತ್ತಿದ್ದೇನೆ. ಕಾಯಿಲೆ ಬಿದ್ದ ಮೇಲೂ ಆ ಡಬ್ಬಿ ನಿಂತಿಲ್ಲ. ಅವಳನ್ನು ಆಸ್ಪತ್ರೆಗೆ ಯಾರು ಒಯ್ಯುತ್ತಾರೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವಳ ಅಪಾರ್ಟ್‌ಮೆಂಟು ನನ್ನ ಮನೆಯಿಂದ ಎಂಟು ನಿಮಿಷದ ದಾರಿ. ಪದ್ಮಜಾ ಪ್ಲೆಸೆಂಟನ್ನಿನಿಂದ ಬೆಟ್ಟ ದಾಟಿ ಬರುತ್ತಿದ್ದರು.

ನಾನು ನಿಲ್ಲಬೇಕಾದ ಜಾಗ ಖಾಲಿ ಬಿಟ್ಟಿದ್ದೆ, ಅದಕ್ಕೇ ಉಸ್ತಾದರು ಮುಲಾಜಿಗೆ ಬಿದ್ದು ಸುಳ್ಳು ಹೇಳಬೇಕಾಯಿತು.

ಶುಕ್ರವಾರ ಸಂಜೆ ನಾಲ್ಕಕ್ಕೆ ಆನಂದತೀರ್ಥ ಬಂದರು. ಜೊತೆಗೆ ಪದ್ಮಜಾ. ಐವತ್ತರ ಹತ್ತಿರದ ಹೆಂಗಸು, ಕುತ್ತಿಗೆಯಲ್ಲಿ ಇನ್ನೂ ಆಫೀಸಿನ ಬ್ಯಾಡ್ಜು. ಚಪ್ಪಲಿಗೆ ಎಣ್ಣೆ ಹತ್ತದ ಹಾಗೆ ಬಾಗಿಲ ಹತ್ತಿರವೇ ನಿಂತರು. “ಖತೀಜಾ ನಿನ್ನೆ ಭಾಳ ಸುಸ್ತಾಗಿದ್ರು, ಇವತ್ತ ಹ್ಯಾಂಗ ಇದ್ದಾರ್ರಿ?” ಎಂದು ಉಸ್ತಾದರನ್ನು ಕೇಳಿದರು. ಉಸ್ತಾದರು “ಆರಾಮ ಅದಾಳ್ರಿ ಅಕ್ಕಾರ” ಅಂದರೇ ಹೊರತು ತಲೆ ಎತ್ತಲಿಲ್ಲ.

ಆನಂದತೀರ್ಥ ಲಿಫ್ಟಿನ ಕೆಳಗೆ ಹೋಗಿ ಮೇಲೆ ನೋಡಿದರು. ಬಾಕ್ಸು ಇರಬೇಕಾದಲ್ಲಿ ಏನೂ ಇರಲಿಲ್ಲ. ಬೆಳ್ಳಿ ಬಾಕ್ಸು ಕಂಬಳಿಯ ಸಮೇತ ಬೆಂಚಿನ ಮೇಲೆಯೇ ಇತ್ತು.

“ಇನ್ನೂ ಹಾಕಿಲ್ಲಲ್ಲ?”

“ಹಾಕಿಲ್ಲ ಸರ್.”

“ಯಾಕ?”

ಉಸ್ತಾದರ ಒಂದು ಕಣ್ಣು ನನ್ನ ಮೇಲಿತ್ತು. ಇನ್ನೇನು ಶರಣಾ ಅನ್ನುತ್ತಾರೆ. ಅಂದರೆ ನಾನು ನಿಂತುಬಿಡುತ್ತೇನೆ ಎಂದು ನನಗೇ ಗೊತ್ತಿತ್ತು. ಹಾಗಾಗಿ ಅವರು ಬಾಯಿ ತೆರೆಯುವ ಮೊದಲೇ ಸೀಮೆಸುಣ್ಣ ತೆಗೆದುಕೊಂಡು ಹೋಗಿ ಪದ್ಮಜಾ ಅವರ ಮುಂದೆ ಹಿಡಿದೆ.

“ಅಕ್ಕಾರ, ಒಂದೀಟು ಈ ಹಲ್ಲು ಎಣಿಸ್ರಿ. ನನ್ನ ಲೆಕ್ಕದ ಮ್ಯಾಲೆ ಸರ್‌ಗೆ ನಂಬಿಕಿಲ್ಲ.”

“ಏನಿದು ತಮಾಷೆ?” ಎಂದರು ಆನಂದತೀರ್ಥ.

“ಎಣಸೂದರಾಗ ಏನ್ ಹೋಗ್ತದ, ತಡೀರಿ,” ಎಂದು ಪದ್ಮಜಾ ಬ್ಯಾಡ್ಜು ಹಿಂದಕ್ಕೆ ಹಾಕಿಕೊಂಡು ಬಂದರು. ಒಂದು ಹಲ್ಲಿಗೆ ಗುರುತು ಮಾಡಿ, ದೇವರ ಮುಂದೆ ಮಣಿ ಎಣಿಸುವವರ ಹಾಗೆ ತುಟಿಯಲ್ಲೇ ಎಣಿಸುತ್ತ ಹೋದರು. ಹೊರಗೆ ಯಾರೋ ಫೋರ್ಕ್‌ಲಿಫ್ಟ್ ಹಿಂದಕ್ಕೆ ತೆಗೆಯುತ್ತಿದ್ದರು, ಅದರ ಬೀಪ್ ಬೀಪ್ ಮಾತ್ರ ಕೇಳುತ್ತಿತ್ತು. ಪದ್ಮಜಾ ಒಂದು ಸಲ ಮುಗಿಸಿದರು. ಇನ್ನೊಂದು ಸಲ ಎಣಿಸಿದರು.

“ಇಪ್ಪತ್ತೇಳು.”

“ಇನಾಯತ್ ಸಾಹೇಬ್ರು ಮೂವತ್ತು ಅಂದಿದ್ರು,” ಎಂದರು ಆನಂದತೀರ್ಥ.

ಒಂದು ದಾರಿ ನನಗೆ ಕಾಣುತ್ತಿತ್ತು. ಉಸ್ತಾದರಿಗೆ ಕಣ್ಣು ಸರಿ ಇಲ್ಲ, ಲೆಕ್ಕ ತಪ್ಪಿತು ಅಂದುಬಿಟ್ಟರೆ ಎಲ್ಲರ ಮರ್ಯಾದೆ ಉಳಿಯುತ್ತಿತ್ತು. ಬಾಯಿಯ ತನಕ ಬಂತು. “ಉಸ್ತಾದರಿಗೆ ಕಣ್ಣು…” ಅಂದೆ.

“ಕಣ್ಣಿನ ಸುದ್ದಿ ತೆಗೀಬ್ಯಾಡ.” ಉಸ್ತಾದರು ಸ್ಟೂಲಿನಿಂದ ಎದ್ದು ನಿಂತಿದ್ದರು. “ನಲವತ್ತೈದು ವರ್ಷದಾಗ ಈ ಉಗುರು ಒಂದು ಹಲ್ಲು ತಪ್ಪಿಲ್ಲ. ರಾಯರ, ಅದು ಇಪ್ಪತ್ತೇಳ. ನಾ ಸುಳ್ಳು ಹೇಳಿದೆ.”

“ಯಾಕ?”

ಉಸ್ತಾದರು ಪದ್ಮಜಾ ಅವರ ಕಡೆ ನೋಡಿ ಮುಖ ತಗ್ಗಿಸಿದರು. ಅಷ್ಟಕ್ಕೇ ಪದ್ಮಜಾ ಅವರಿಗೆ ತಿಳಿಯಿತು. ಅವರ ಕಿವಿ ಕೆಂಪಾದವು.

“ಅಂದ್ರ ನಾ ಖತೀಜಾನ್ನ ಕರಕೊಂಡು ಹೋಗೂದಕ್ಕ ಇದು ಬಾಡಿಗೀ ಏನ್ರಿ?” ದನಿ ಎತ್ತರಿಸಲಿಲ್ಲ. ಅದೇ ಕೆಟ್ಟದಾಗಿ ಕೇಳಿಸಿತು. “ಮುರಿಯೂ ಬಾಕ್ಸಿನ ಮ್ಯಾಲೆ ನನ್ನ ಗಂಡನ್ನ ಕೂಡಿಸಿ ಫ್ರೀವೇಕ ಕಳಸ್ತಿದ್ರಿ, ನಾ ಮಾಡಿದ್ದಕ್ಕ?”

“ಅಕ್ಕಾರ, ಹಂಗಲ್ರಿ…”

“ಮತ್ತ ಹ್ಯಾಂಗ್ರಿ?”

ಆನಂದತೀರ್ಥ ಫೋನು ತೆಗೆದರು. “ಸಾಕು. ಎಳಕೊಂಡು ಹೋಗೂ ಟೋ ಗಾಡಿ ಕರಸ್ತೀನಿ. ಬ್ಯಾರೆ ಅಂಗಡಿ ನೋಡ್ತೀನಿ.”

ನಾನು ಅವರಿಗೂ ಲಿಫ್ಟಿಗೂ ನಡುವೆ ಹೋಗಿ ನಿಂತೆ. ಹೊಡೆಯುತ್ತಾನೆ ಅಂದುಕೊಂಡರೇನೋ, ಒಂದು ಹೆಜ್ಜೆ ಹಿಂದೆ ಹೋದರು. ನನಗೆ ಹೊಡೆಯುವ ಮನಸ್ಸು ಇರಲಿಲ್ಲ ಅಂತಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ. ತಿಂಗಳಿಂದ ಇವರ ಜೊತೆ ಜಗಳಾಡಿದ್ದೆ, ಒಂದು ಪ್ರಶ್ನೆ ಮಾತ್ರ ಕೇಳಿರಲಿಲ್ಲ.

“ಸರ್, ನಾಕನೇ ಗೇರ್ ನಿಮಗ ಯಾಕ ಬೇಕು?”

“ಅಂದ್ರ?”

“ಯಾಕ ಬೇಕು ಅಂತ. ಫೋರಮ್ ಬಿಡ್ರಿ. ನಿಮಗ ಯಾಕ?”

ಅವರು ಉತ್ತರ ಹುಡುಕುತ್ತಿದ್ದಾಗ ಪದ್ಮಜಾ ಹೇಳಿದರು, “ನನ್ನ ಸಲುವಾಗಿ. ಅದರಾಗ ಕೂತು ಫ್ರೀವೇ ಹತ್ತಿದ್ರ ಎಂಜಿನ್ ಒದರೂದಕ್ಕ ತಲೀ ಸಿಡೀತದ. ಹತ್ತು ನಿಮಿಷಕ್ಕ ಇಳಸ್ರಿ ಅಂತೀನಿ. ಇವರಿಗೆ ಒಬ್ಬರ ಹೋಗ್ಲಿಕ್ಕೆ ಮನಸ್ಸಿಲ್ಲ. ನಾಕನೇ ಗೇರ್ ಇದ್ರ ಸದ್ದು ಕಡಿಮಿ ಆಗ್ತದಂತ.”

ಆನಂದತೀರ್ಥ ಕಾರಿನ ಚಕ್ರ ನೋಡುತ್ತ ನಿಂತರು. ಇಷ್ಟು ದಿನ ನಾನು ಈ ಮನುಷ್ಯ ನಾಲ್ಕನೇ ಗೇರು ಕೇಳುವುದು ಜಂಬಕ್ಕೆ ಅಂದುಕೊಂಡಿದ್ದೆ.

“ಹಂಗಾರ ಬಾಕ್ಸು ಅಲ್ಲ, ಹಿಂದಿನ ಕ್ರೌನ್ ಪಿನಿಯನ್ ಬದಲು ಮಾಡಬೇಕು,” ಎಂದೆ. ಹಿಂದಿನ ಆಕ್ಸಲಿನ ಗುಂಡು ಕವಚ ತಟ್ಟಿ ತೋರಿಸಿದೆ. “ಈಗ ಒಳಗಿರೋ ಹಲ್ಲಿನ ಗಾಲಿ ಜೋಡಿ ರೇಸಿನದು. ಚಕ್ರ ಒಂದು ಸುತ್ತು ತಿರುಗಬೇಕಂದ್ರ ಎಂಜಿನ್ ನಾಕು ಸುತ್ತಿನ ಮ್ಯಾಲೆ ತಿರುಗಬೇಕು. ಅದಕ್ಕ ಒದರತೈತಿ. ಮೂರು ಸುತ್ತಿನ ಜೋಡಿ ಹಾಕಿದ್ರ, ಅರವತ್ತೈದು ಮೈಲಿ ಸ್ಪೀಡಿನಾಗ ನಿಮಿಷಕ್ಕ ಮೂರು ಸಾವಿರದ ಮುನ್ನೂರು ಸುತ್ತು ಇದ್ದದ್ದು ಎರಡೂವರಿ ಸಾವಿರಕ್ಕ ಇಳೀತೈತಿ. ಮುಂದ ಮೂರು ಗೇರಿನ ಗಟ್ಟಿ ಬಾಕ್ಸು. ಮುರಿಯಂಗಿಲ್ಲ, ಒದರಂಗಿಲ್ಲ. ಸಿಗ್ನಲ್‌ದಾಗ ಮದಲಿನಷ್ಟು ಜಿಗಿಯಂಗಿಲ್ಲ, ಅಷ್ಟ. ಅದನ್ನೂ ಈಗ ಹೇಳಿಬಿಡ್ತೀನಿ.”

ಅವರು ಫೋನಿನಲ್ಲಿ ಏನೋ ಲೆಕ್ಕ ಮಾಡಿದರು. ಲೆಕ್ಕ ಸರಿ ಬಂದಿರಬೇಕು, ಯಾಕೆಂದರೆ ಇನ್ನೊಮ್ಮೆ ಮಾಡಿದರು. “ಹೇಳಿ ಕಳಸ್ತೀನಿ,” ಎಂದು ಹೊರಟರು. ಪದ್ಮಜಾ ಉಸ್ತಾದರಿಗೆ ಹೋಗಿ ಬರ್ತೀನಿ ಅನ್ನಲಿಲ್ಲ.

ಉಸ್ತಾದರು ಕೋಟು ಹಾಕಿಕೊಂಡರು. ಬಾಗಿಲಲ್ಲಿ ನಿಂತು, ನನಗೆ ಬೆನ್ನು ಹಾಕಿಯೇ ಹೇಳಿದರು, “ನನ್ನ ಮಾತು ಮುರದಿ.”

“ಹೌದ್ರಿ.”

“ಮಂಗಳವಾರ ಬರೂದು ಬ್ಯಾಡ ಅಂತ ಅಕ್ಕಾರಿಗೆ ಮೆಸೇಜ್ ಹಾಕ್ತೀನಿ. ಯಾವ ಮಾರಿ ಹೊತ್ತು ಅವರ ಗಾಡ್ಯಾಗ ಖತೀಜಾನ್ನ ಹತ್ತಸ್ಲಿ?”

“ನಾ ಒಯ್ತೀನಿ.”

“ನಿನ್ನ ಯಾರು ಕೇಳ್ಯಾರ?”

“ಯಾರೂ ಕೇಳಿಲ್ಲ. ಐದಕ್ಕ ಬರ್ತೀನಿ.”

ಶನಿವಾರ ಅವರು ಅಂಗಡಿಗೆ ಬರಲಿಲ್ಲ. ಸೋಮವಾರ ಬಂದು ಶಟರ್ ತೆಗೆದರು, ಇಡೀ ದಿನ ಚಹಾ ಒಂದೇ ಕಪ್ಪಿಗೆ ಬಗ್ಗಿಸಿಕೊಂಡರು. ಆನಂದತೀರ್ಥ ಅವರಿಂದಲೂ ಸುದ್ದಿ ಇಲ್ಲ. ಶೆವೆಲ್ ಹೊಟ್ಟೆ ಖಾಲಿ ಬಿಟ್ಟುಕೊಂಡು ಮೇಲೆ ನೇತಾಡುತ್ತಿತ್ತು.

ಮಂಗಳವಾರ ಐದಕ್ಕೆ ಐದು ನಿಮಿಷ ಇರುವಾಗ ಅವರ ಅಪಾರ್ಟ್‌ಮೆಂಟಿನ ಮುಂದೆ ಹೋದೆ. ಅಲ್ಲಿ ಆಗಲೇ ಒಂದು ಬಿಳಿ ಕಾರು ನಿಂತಿತ್ತು. ಒಳಗೆ ಪದ್ಮಜಾ, ತೊಡೆಯ ಮೇಲೆ ಲ್ಯಾಪ್‌ಟಾಪು. ಕಿಟಕಿ ಇಳಿಸಿದರು.

“ನೀ ಯಾಕ ಬಂದಿ?”

“ಚಾಚಿನ್ನ ಒಯ್ಯಾಕ. ನಿಮಗ ಬರಬ್ಯಾಡ್ರಿ ಅಂತ ಮೆಸೇಜ್ ಬಂದಿಲ್ಲೇನ್ರಿ?”

“ಬಂತು. ಬರಬ್ಯಾಡ ಅನ್ಲಿಕ್ಕೆ ಇನಾಯತ್ ಸಾಹೇಬ್ರು ಯಾರು? ನಾ ಅವರ ಸಲುವಾಗಿ ಬರೂದಿಲ್ಲ.”

ಚಾಚಿ ಇಳಿದು ಬಂದಳು. ಕೈಯಲ್ಲಿ ಕಂಬಳಿ, ಹಿಂದೆ ಉಸ್ತಾದರು. ಎರಡು ಗಾಡಿ ನೋಡಿ ಇಬ್ಬರೂ ನಿಂತರು. ಚಾಚಿ ನನ್ನ ಹಳೇ ಪಿಕಪ್ಪಿನ ಎತ್ತರ ನೋಡಿದಳು, ಆಮೇಲೆ ಪದ್ಮಜಾ ಅವರ ಕಾರು ನೋಡಿದಳು.

“ಇವತ್ತ ಇದರಾಗ ಹೋಗ್ತೀನಿ,” ಎಂದು ಬಿಳಿ ಕಾರಿನ ಬಾಗಿಲು ತೆಗೆದಳು. “ನಿನ್ನ ಗಾಡಿ ಹತ್ತಾಕ ನಿಚ್ಚಣಿಕಿ ಬೇಕು. ಗುರುವಾರ ಬಾ. ಒಂದು ಸ್ಟೂಲ್ ತಗೊಂಡು ಬಾ.”

ಪದ್ಮಜಾ ನನ್ನ ಕಡೆ ತಿರುಗಿದರು. “ಗುರುವಾರ ನಿಂದು, ಮಂಗಳವಾರ ನಂದು. ಮತ್ತ ಕೇಳು, ನಮ್ಮ ಮನಿಯವರು ಮೂರು ಗೇರಿಂದ ಹಾಕು ಅಂದಾರ. ಹಿಂದಿಂದೂ ಬದಲು ಮಾಡು. ತಾವ ಫೋನ್ ಮಾಡ್ಲಿಕ್ಕೆ ಅವರಿಗೆ ನಾಚಿಕಿ. ಸದ್ದು ಕಡಿಮಿ ಆಗ್ಲಿಲ್ಲಂದ್ರ ನಾನ ಬಂದು ಅಲ್ಲೇ ನಿಂತು ಬಿಚ್ಚಸ್ತೀನಿ.”

ಆಮೇಲೆ ಉಸ್ತಾದರ ಕಡೆ ನೋಡಿದರು. ಉಸ್ತಾದರು ಕೈ ಜೋಡಿಸಿದರು. ಪದ್ಮಜಾ ಕಿಟಕಿ ಏರಿಸಿಕೊಂಡು ಹೊರಟರು. ಆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ ಎನ್ನುವುದು ಮಾತ್ರ ನಮ್ಮಿಬ್ಬರಿಗೂ ಗೊತ್ತಾಯಿತು.

ನಾನು ಪಿಕಪ್ಪಿನ ಬಾಗಿಲು ತೆಗೆದೆ. ಉಸ್ತಾದರು ಬಸ್ ಸ್ಟಾಪಿನ ಕಡೆ ಒಂದು ಸಲ ನೋಡಿ, ಹತ್ತಿ ಕೂತರು. ಅಂಗಡಿಯಲ್ಲಿ ನಾನು ಮೊದಲು ಮಾಡಿದ್ದು ಬೋರ್ಡಿನ ಕೆಲಸ. ಬಾಗಿಲ ಪಕ್ಕದ ಕರಿ ಹಲಗೆಯಲ್ಲಿ ಅಂಗಡಿ ತೆಗೆಯುವ ಹೊತ್ತು ಬರೆದಿದೆ, ಇಪ್ಪತ್ತಾರು ವರ್ಷದಿಂದ ಎಂಟು ಗಂಟೆ. ಅದೇ ಸೀಮೆಸುಣ್ಣದಲ್ಲಿ ಕೆಳಗೆ ಸೇರಿಸಿದೆ: ಗುರುವಾರ ಹತ್ತೂವರೆ. ಚಾಚಿಯನ್ನು ತಿರುಗಿ ಮನೆಗೆ ಬಿಟ್ಟು ನಾನು ಬರುವ ಹೊತ್ತು ಅದು. ಹಾಗೆ ಬರೆಯುವ ಅಧಿಕಾರ ನನಗಿರಲಿಲ್ಲ. ಬರೆದು, ತಿರುಗಿ ನೋಡದೆ ಕಾದೆ.

ಉಸ್ತಾದರು ಬಂದು, ಒಂದೇ ಕಣ್ಣನ್ನು ಹಲಗೆಯ ತೀರ ಹತ್ತಿರಕ್ಕೆ ತಂದು ಓದಿದರು. ಒರೆಸುವ ಬಟ್ಟೆ ಅವರ ಹೆಗಲ ಮೇಲೇ ಇತ್ತು. ಅದನ್ನು ಮುಟ್ಟಲಿಲ್ಲ. ಜೇಬಿನಿಂದ ಶಟರ್ ಕೀಲಿ ತೆಗೆದು ಬೆಂಚಿನ ಮೇಲೆ, ಬೆಳ್ಳಿ ಬಾಕ್ಸಿನ ಪಕ್ಕದಲ್ಲಿ ಇಟ್ಟರು.

“ಗುರುವಾರ ನೀನ ತೆಗಿ,” ಎಂದರು. “ಗಾಡಿ ತಿರುಗಿ ಬಂತಂದ್ರ ಕಸಗೋತೀನಿ.”

ನಾನು ಕೀಲಿ ಜೇಬಿಗೆ ಹಾಕಿಕೊಂಡು ಮೂಲೆಯ ಬಾಕ್ಸನ್ನು ಎಳೆದೆ. ಲಿಫ್ಟಿನ ಕೆಳಗೆ ತಳ್ಳುವ ಮೊದಲು ಅದರ ಶಾಫ್ಟಿನ ಹಲ್ಲನ್ನೂ ಒಂದು ಸಲ ಎಣಿಸಿದೆ. ಉಸ್ತಾದರು ಕಣ್ಣು ಮುಚ್ಚಿಕೊಂಡು ನನ್ನ ಉಗುರಿನ ಸದ್ದು ಕೇಳುತ್ತಿದ್ದರು.